ಹುದಾಕನ ಬಿಲ್ಲೆ

ಗಂಡನನ್ನು ಮಣ್ಣು ಮಾಡಿ ಬಂದ ಮರುದಿನ ಒತೀಲಿಯಾ ಕಾರ್ಖಾನೆಯ ಮೊದಲ ಕೂಗಿಗೆ ಮುಂಚೆಯೇ ಎದ್ದು, ಒಲೆಗೆ ಕಲ್ಲಿದ್ದಲು ತುಂಬಿ, ಬ್ರೆಡ್ಡು ಕೊಯ್ದು, ಹಂದಿಯ ಕೊಬ್ಬು ಸವರಿ, ಮನೆಯಲ್ಲಿ ಊಟಕ್ಕೂ ಹಾಸಿಗೆಗೂ ದುಡ್ಡು ಕೊಟ್ಟು ಇದ್ದ ಗಂಡಸರ ಡಬ್ಬಿಗಳನ್ನೆಲ್ಲ ಕಟ್ಟಿ ಸಾಲಾಗಿ ಇಟ್ಟಳು. ಎಲ್ಲ ಮುಗಿದ ಮೇಲೆ ಒಮ್ಮೆ ನೋಡಿದಳು. ಡಬ್ಬಿಗಳು ಸರಿಯಾಗಿದ್ದವು, ಒಂದೂ ಹೆಚ್ಚಿರಲಿಲ್ಲ. ಗಂಡ ಸತ್ತ ಹೆಂಗಸರು ಮರುದಿನ ಮರೆತು ಅವನ ಡಬ್ಬಿಯನ್ನೂ ಕಟ್ಟಿಬಿಡುತ್ತಾರೆ, ಮುಚ್ಚಳ ಹಾಕುವಾಗ ನೆನಪಾಗಿ ಅಲ್ಲೇ ಕುಸಿಯುತ್ತಾರೆ ಎಂದು ಈ ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಪಕ್ಕದ ಮನೆಯ ಮಾರ್ಗಿತಾ ಹಾಗೆ ಕುಸಿದದ್ದನ್ನು ಅವಳೇ ಕಂಡಿದ್ದಳು. ತನ್ನ ಕೈಗೆ ಅಷ್ಟು ಮರೆವೂ ಬರಲಿಲ್ಲ. ಮಾತೂಶ್ ಇಲ್ಲವೆಂಬುದು ಕೈಗೆ ತನಗಿಂತ ಮೊದಲೇ ಗೊತ್ತಾಗಿ, ಅದನ್ನು ಒಪ್ಪಿಕೊಂಡು, ಅದು ತನ್ನ ಪಾಡಿಗೆ ಕೆಲಸ ಮುಂದುವರಿಸಿತ್ತು. ಅವಳು ಕೈಯನ್ನು ತಿರುಗಿಸಿ ನೋಡಿದಳು. ಉಗುರಿನ ಸುತ್ತ ಕೊಬ್ಬಿನ ಜಿಡ್ಡಿತ್ತು.

ರಾತ್ರಿಪಾಳಿಯವರು ಬರುವ ಹೊತ್ತಿಗೆ ಹಗಲುಪಾಳಿಯವರು ಏಳಬೇಕು. ಹಾಸಿಗೆ ಅವೇ, ತಣ್ಣಗಾಗುವಷ್ಟು ಹೊತ್ತು ಅವು ಎಂದೂ ಖಾಲಿ ಇದ್ದದ್ದಿಲ್ಲ. ಸಂಜೆಯ ಪಾತ್ರೆಯೂ ಒಂದೇ. ಒಬ್ಬೊಬ್ಬನು ತನ್ನ ತನ್ನ ಮಾಂಸದ ತುಂಡು ತಂದುಕೊಡುತ್ತಾನೆ, ಅವಳು ಅದಕ್ಕೆ ಅವನ ಬಣ್ಣದ ದಾರ ಕಟ್ಟಿ ಎಲೆಕೋಸಿನ ಜೊತೆ ಕುದಿಯಲು ಬಿಡುತ್ತಾಳೆ. ಸೂಪು ಎಲ್ಲರದ್ದು, ತುಂಡು ಅವರವರದ್ದು. ಬಂದ ಹೊಸತರಲ್ಲಿ ಪಾತ್ರೆಯೊಳಗೆ ದಾರಗಳು ತೇಲುವುದನ್ನು ನೋಡಿ ಅವಳಿಗೆ ವಾಕರಿಕೆ ಬರುತ್ತಿತ್ತು. ಆಗ ಮಾತೂಶ್ ಹಿಂದೆ ನಿಂತು, 'ನಿನ್ನ ಮೇಷ್ಟ್ರಗಿತ್ತಿಯರ ಶಾಲೇಲಿ ಇದನ್ನ ಕಲಿಸಲಿಲ್ಲ ಅಲ್ವಾ' ಎಂದು ನಗುತ್ತಿದ್ದ. ಈಗ ಶಿಮೋನ್ ಬೂಟಿನ ಲಾಡಿ ಕಟ್ಟಿಕೊಳ್ಳುತ್ತ, ತಲೆ ಎತ್ತದೆ ಕೆಮ್ಮಿದ. ಹಗಲುಪಾಳಿಯವರಲ್ಲಿ ಅವನೇ ಹಿರಿಯ.

"ಗಜ್ದಿನಾ, ಒಂದು ಮಾತು." ಮನೆಯ ಯಜಮಾನಿಯನ್ನು ಅವರೆಲ್ಲ ಹಾಗೆ ಕರೆಯುತ್ತಿದ್ದರು. "ತಪ್ಪು ತಿಳ್ಕೋಬೇಡಿ. ಮಾತೂಶನ ಆ ಕೆಂಪು ದಾರ ಈಗ ಖಾಲಿ ತಾನೆ?"

"ಯಾಕೆ?"

"ನಂದು ಬಿಳೀದು. ಕುದ್ದೂ ಕುದ್ದೂ ಕೊನೇಗೆ ಕೊಬ್ಬೋ ದಾರವೋ ಗೊತ್ತಾಗಲ್ಲ. ಹೋದ್ವಾರ ನನ್ನ ತುಂಡು ಆ ಪೋಲಿ ಯಾಂಕೋ ತಿಂದ್ಬಿಟ್ಟ. ಕೆಂಪು ಆದ್ರೆ ಎದ್ದು ಕಾಣತ್ತೆ."

"ತಗೊಳ್ಳಿ," ಎಂದಳು.

"ದೇವರು ಒಳ್ಳೇದು ಮಾಡ್ಲಿ," ಎಂದು ಅವನು ಡಬ್ಬಿ ಎತ್ತಿಕೊಂಡು ಹೋದ. ಮೆಟ್ಟಿಲಿಳಿಯುತ್ತ ಸಿಳ್ಳೆ ಹಾಕಲು ಹೊರಟವನು, ನೆನಪಾಗಿ ನಿಲ್ಲಿಸಿದ.

ಕಾರ್ಖಾನೆಯವರು ಮರಳಿ ಕೊಟ್ಟ ಮಾತೂಶನ ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅಂದು ಅಲ್ಲಿಯೂ ಅದು ಒಂದು ಮೊಳೆಯಲ್ಲಿ ನೇತಾಡುತ್ತಿದ್ದದ್ದರಿಂದ ಉಳಿದಿತ್ತು. ಕುಲುಮೆಯ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಅದಿರು ಒಮ್ಮೆಲೇ ಜಾರಿ, ಬೆಂಕಿ ಬಾಯಿಂದ ಹೊರಕ್ಕೆ ಹಾರಿದಾಗ, ಮೇಲೆ ನಿಂತಿದ್ದವರಲ್ಲಿ ಮಾತೂಶನೂ ಇದ್ದ. ಪೆಟ್ಟಿಗೆಗೆ ಮೊಳೆ ಹೊಡೆದೇ ತಂದುಕೊಟ್ಟಿದ್ದರು. ತೂಕಕ್ಕೆ ಏನು ಹಾಕಿದ್ದರೋ, ಹೊತ್ತವರು ಯಾರೂ ಬಾಯಿಬಿಡಲಿಲ್ಲ. ಕುಲುಮೆಗೊಂದು ಹೆಸರಿತ್ತು, ಡೋರಾ ಎಂದು, ಯಾವುದೋ ದೊಡ್ಡವರ ಮಗಳದ್ದಂತೆ. ಆ ಹೆಸರನ್ನು ಕಾರ್ಖಾನೆಯಲ್ಲಿ ಯಾರೂ ತಪ್ಪು ಹೇಳುತ್ತಿರಲಿಲ್ಲ. ಕೋಟಿನ ಜೇಬಿನಲ್ಲಿ ಬಿಲ್ಲೆಯಿತ್ತು. ಹಿತ್ತಾಳೆಯದು, ಅಂಗೈಯ ಅರ್ಧದಷ್ಟು, ಅಂಚಿನಲ್ಲಿ ತೂತು, ನಡುವೆ ಒತ್ತಿದ ಅಂಕಿ. ಗೇಟಿನಲ್ಲಿ ಅದನ್ನು ತೋರಿಸಿದವನು ಒಳಗೆ ಹೋಗುತ್ತಾನೆ. ಆ ಅಂಕಿಯ ಎದುರು ಯಾರ ಹೆಸರಿದೆಯೋ ಅವನೇ ಅವನು. ಅವಳು ಕೈಯಲ್ಲಿ ಹಿಡಿದ ಬಿಲ್ಲೆಯ ಎದುರು ಇದ್ದದ್ದು ಒಂದ್ರೇಯ್ ಹುದಾಕನ ಹೆಸರು. ಹೋದ ವರ್ಷ ವಸಂತದಲ್ಲಿ ಹುದಾಕ್, ಸುಗ್ಗಿ ಮುಗಿಸಿ ತಾಯಿಯನ್ನು ನೋಡಿಕೊಂಡು ಬರುತ್ತೇನೆಂದು ಸಮುದ್ರ ದಾಟಿ ಊರಿಗೆ ಹೊರಟಾಗ, ಆಗಷ್ಟೇ ಬಂದು ಗೇಟಿನಿಂದ ಗೇಟಿಗೆ ಅಲೆಯುತ್ತಿದ್ದ ತನ್ನೂರಿನ ಮಾತೂಶನ ಕೈಗೆ ಅದನ್ನು ಹಾಕಿ, 'ತಣ್ಣಗಾಗದ ಹಾಗೆ ನೋಡ್ಕೋ, ನಾನು ಬರೋವರೆಗೆ' ಎಂದಿದ್ದನಂತೆ. ಮರುದಿನ ಮಾತೂಶ್ ಹುದಾಕನಾಗಿ ಒಳಗೆ ಹೋದ. ಯಾರೂ ಮುಖ ನೋಡಲಿಲ್ಲ. ಹುದಾಕನಾಗಿಯೇ ಕಾರ್ಖಾನೆಯ ಈ ಮನೆ ಹಿಡಿದ, ಹುದಾಕನಾಗಿಯೇ ಅವಳಿಗೆ ಹಡಗಿನ ಟಿಕೆಟ್ಟು ಕಳಿಸಿದ. ಅವಳು ಹಡಗಿಳಿದು, ರೈಲಿಳಿದು, ನದಿಯ ದಂಡೆಯ ಈ ಮಸಿ ಹಿಡಿದ ಬೀದಿಗೆ ಬಂದಾಗ ಬಾಗಿಲ ಮೇಲಿದ್ದ ಹೆಸರು ಓದಿ, ತಪ್ಪು ಮನೆಯೆಂದು ಮುಂದೆ ಹೋಗಿದ್ದಳು. ಅವನು ಬೆನ್ನಟ್ಟಿ ಬಂದು ಕರೆತಂದಿದ್ದ. ಅದೇ ತಮಾಷೆ ಆಮೇಲೆ ಕೊಂಕಾಯಿತು. ಬೇಸರವಾದಾಗಲೆಲ್ಲ, ತಾನು ಓದಿದವಳು, ಇಂಥ ಅಡಿಗೆಮನೆಯಲ್ಲಿ ಗಂಡಸರ ಒಳಅಂಗಿ ಕುದಿಸುತ್ತಿದ್ದೇನೆ ಎನಿಸಿದಾಗಲೆಲ್ಲ, ಎಲ್ಲರ ಎದುರು ಅವನನ್ನು ಆ ಹೆಸರಿನಿಂದ ಕರೆಯುತ್ತಿದ್ದಳು. ಕೊನೆಯ ಸಂಜೆಯೂ ಅಷ್ಟೆ. 'ಹುದಾಕ್ ಸಾಹೇಬರಿಗೆ ಇನ್ನೊಂದು ಸೌಟು ಬೇಕಂತೆ.' ಮೇಜಿನ ಸುತ್ತ ಎಲ್ಲರೂ ನಕ್ಕರು. ಅವನೂ ನಕ್ಕ. ತಟ್ಟೆ ಮುಂದೆ ಚಾಚಿದ.

ಆದರೆ ಅದಲ್ಲ. ಅದನ್ನು ನೆನೆದು ಅಳಬಹುದು, ಅಷ್ಟು ಸಲೀಸು ಅದು. ಅವಳು ನೆನೆಯಲಾರದ್ದು ಗೇಟಿನ ಎದುರಿನದು. ಹೊತ್ತಲ್ಲದ ಹೊತ್ತಿನಲ್ಲಿ ಕೂಗು ಕೇಳಿ, ಶಾಲು ಹೊದ್ದು ಓಡಿಬಂದ ಹೆಂಗಸರೆಲ್ಲ ಅಲ್ಲಿ ಕಂಬಿಗಳಿಗೆ ಒತ್ತಿಕೊಂಡಿದ್ದರು. ಮಾರ್ಗಿತಾ ಅವಳ ಪಕ್ಕದಲ್ಲಿದ್ದಳು. ಗುಮಾಸ್ತನೊಬ್ಬ ಕುರ್ಚಿ ತರಿಸಿ, ಅದರ ಮೇಲೆ ಹತ್ತಿ ನಿಂತು ಸತ್ತವರ ಹೆಸರು ಓದತೊಡಗಿದ. ಮೊದಲ ಹೆಸರಿಗೆ ಹಿಂದೆಲ್ಲೋ ಒಬ್ಬಳು ಕಿರುಚಿದಳು. ಆಮೇಲೆ ಅವನು, "ಆ್ಯಂಡಿ ಹುದಾಕ್," ಎಂದ. ಒಂದ್ರೇಯ್ ಎಂಬುದು ಕಾರ್ಖಾನೆಯವರ ಬಾಯಲ್ಲಿ ಆ್ಯಂಡಿ. ಒತೀಲಿಯಾಳ ಎದೆಯೊಳಗೆ ಏನೋ ಬಿಚ್ಚಿಕೊಂಡು ಹಾರಿತು. ಅವಳು ಮಾರ್ಗಿತಾಳ ಎರಡೂ ಕೈ ಹಿಡಿದು, 'ಅವನಲ್ಲ ಅಕ್ಕ, ಅವನಲ್ಲ' ಎಂದು ನಕ್ಕಳು. ಬರೀ ತುಟಿಯ ನಗುವಲ್ಲ, ಹಲ್ಲು ಕಾಣುವಂತೆ, ಹುಡುಗಿಯ ಹಾಗೆ. ಪಾಪ ಹುದಾಕ್, ಯಾರ ಮಗನೋ, ಎಂದು ಮನಸ್ಸು ಒಂದು ಗಳಿಗೆ ಮರುಕವನ್ನೂ ಪಟ್ಟಿತು. ಸಂತೋಷವಾದಾಗ ಮರುಕ ಸುಲಭ. ಮಾರ್ಗಿತಾ ಅವಳ ಮುಖವನ್ನೇ ನೋಡುತ್ತಿದ್ದಳು. ಕೈ ಬಿಡಿಸಿಕೊಳ್ಳಲಿಲ್ಲ. ಆ ನಗು ತಾನಾಗಿ ಎಲ್ಲಿಯವರೆಗೆ ಇರುತ್ತದೋ ಅಲ್ಲಿಯವರೆಗೆ ಇರಲೆಂದು ಕಾಯುವವಳಂತೆ ನಿಂತಿದ್ದಳು. ಕಾದಳು. ಆಮೇಲೆ, ಆ ಹೆಸರಿನಲ್ಲಿ ಒಳಗೆ ಹೋದವನು ಯಾರೆಂಬುದು ಒತೀಲಿಯಾಳಿಗೆ ಹೊಳೆದು, ಅದು ಇಳಿಯುವುದನ್ನೂ ನೋಡಿದಳು.

ಗೋರಿಯ ಮೇಲಿನ ಮರದ ಶಿಲುಬೆ ಕಾರ್ಖಾನೆಯದೇ. ಅದರ ಮೇಲೆ ಬಿಳಿ ಬಣ್ಣದಲ್ಲಿ ಹುದಾಕನ ಹೆಸರು. ಪಾದ್ರಿ ಪ್ರಾರ್ಥನೆಯಲ್ಲಿ ಮಾತೂಶನೆಂದೇ ಹೇಳುತ್ತೇನೆಂದು ಮಾತು ಕೊಟ್ಟಿದ್ದ, ಹೇಳಿಯೂ ಹೇಳಿದ. ಆದರೆ ಲ್ಯಾಟಿನ್ನಿನಲ್ಲಿ ಅದು ಬೇರೆಯಾರದೋ ಹೆಸರಿನಂತೆ ಕೇಳಿಸಿತು. ಅಳಿಸಿ ಬರೆಯಿರಿ ಎಂದು ಗೋರಿ ಕಾಯುವವನನ್ನು ಬೇಡಿಕೊಂಡದ್ದಕ್ಕೆ, 'ಕಾರ್ಖಾನೆಯಿಂದ ಹೇಳಿಸಮ್ಮ' ಎಂದ. ಹೇಳಿಸಬೇಕು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಈ ಬೀದಿಯಲ್ಲಿ ಪುಸ್ತಕದಿಂದ ಕಲಿತವಳು ಅವಳೊಬ್ಬಳೇ. ಪೆಟ್ಟಿಗೆಗೆ ಮಣ್ಣು ಬೀಳುವಾಗಲೂ ಅವಳು ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದಳು. ಸತ್ತವನು ನನ್ನ ಗಂಡ. ಅವನ ಹೆಸರು ಮಾತೂಶ್ ಲಿಪ್ತಾಕ್. ಕ್ರಿಯಾಪದ ಸರಿಯಾಗಿತ್ತು, ಕಾಲ ಸರಿಯಾಗಿತ್ತು. ಊರಿನ ಶಾಲೆಯಲ್ಲಿ ಒಂದು ವರ್ಷ ಪಾಠ ಹೇಳಿದ್ದಾಗ ಸರಕಾರದ ಆಜ್ಞೆಯಂತೆ ಕರಿಹಲಗೆಯ ಮೇಲೆ ಮಕ್ಕಳ ಹೆಸರನ್ನೆಲ್ಲ ಊರನ್ನು ಆಳುತ್ತಿದ್ದ ಹಂಗೇರಿಯವರ ಭಾಷೆಗೆ ತಿರುಗಿಸಿ ಬರೆಯುತ್ತಿದ್ದಳು. ತಮ್ಮದೆಂದು ಗುರುತು ಸಿಕ್ಕದೆ ಮಕ್ಕಳು ಬಾಯಿ ತೆರೆದು ನೋಡುತ್ತ ಕೂರುತ್ತಿದ್ದವು. ಅವಳ ಅಕ್ಷರ ದುಂಡಗಿದೆಯೆಂದು ಶಾಲೆಯ ತನಿಖೆಗೆ ಬಂದ ಅಧಿಕಾರಿ ಮೆಚ್ಚಿದ್ದ.

ಮಾರ್ಗಿತಾ ಬಾಗಿಲು ತಟ್ಟದೆ ಒಳಗೆ ಬಂದು, ಒಲೆಯ ಮೇಲಿನ ಕಾಫಿಯನ್ನು ತಾನೇ ಬಗ್ಗಿಸಿಕೊಂಡು ಕೂತಳು.

"ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ?"

"ಹೂಂ ಅಕ್ಕ."

"ಕಣ್ಣು ಒಣಗೇ ಇದೆ. ಓದಿದೋರ ಕಣ್ಣೇ ಹಾಗೇನೋ. ನನ್ನೋನು ಹೋದಾಗ ನಾನು ದಿಂಬು ಹಿಂಡಿ ಒಣಹಾಕ್ತಿದ್ದೆ."

ಒತೀಲಿಯಾ ಕೋಟನ್ನು ಮೊಳೆಯಿಂದ ತೆಗೆದು ಮಡಿಸಿದಳು. "ಗೇಟಿಗೆ ಹೋಗ್ತೀನಿ. ಮಾತೂಶನ ಹೆಸರು ಹೇಳಿ ಶಿಲುಬೆ ಸರಿ ಮಾಡಿಸ್ಬೇಕು."

"ಅಯ್ಯೋ ಹುಚ್ಚಿ. ಸತ್ತೋನನ್ನ ಹೆಸರು ಹಿಡಿದು ಕೂಗಿದ್ರೆ ಎದ್ದು ಬರ್ತಾನಾ?"

"ನಾಳೆ ಅವನ ತಾಯಿ ಎಲ್ಲಿ ಹೂತ್ರಿ ಅಂತ ಕೇಳಿದ್ರೆ?"

"ಅವಳೇನು ಸಮುದ್ರ ಈಜ್ಕೊಂಡು ಬರ್ತಾಳಾ ನೋಡೋಕೆ?" ಮಾರ್ಗಿತಾ ಬಸಿಯನ್ನು ಊದಿ ಊದಿ ಹೀರಿದಳು. "ಕೇಳಿಲ್ಲಿ. ಈ ಬೀದೀಲಿ ಸ್ವಂತ ಹೆಸರಲ್ಲಿ ದುಡಿಯೋನು ಯಾವನಿದಾನೆ? ನಿಮ್ಮ ಶಿಮೋನ್ ಅವನ ಸತ್ತ ಚಿಕ್ಕಪ್ಪನ ಬಿಲ್ಲೆ ಹಿಡ್ಕೊಂಡು ಹೋಗ್ತಾನೆ. ನೀನು ಒಬ್ಬನ ವಿಷಯ ಬಾಯಿಬಿಟ್ರೆ ನಾಳೆ ಎಲ್ಲರನ್ನೂ ನಿಲ್ಲಿಸಿ ಕೇಳ್ತಾರೆ. ಆಮೇಲೆ ಈ ಮನೆ. ಇದು ಹುದಾಕನ ಹೆಸರಲ್ಲಿದೆ. ನೀನು ಹುದಾಕನ ಹೆಂಡ್ತಿ ಅಲ್ಲ ಅಂದ್ರೆ ನೀನು ಯಾರಮ್ಮ? ಬೀದಿ ಹೆಂಗಸು."

"ಹೆಸರು ಒಂದಾದ್ರೂ ಅವನದಿರಲಿ ಅಕ್ಕ. ಬೇರೇನೂ ಉಳೀಲಿಲ್ಲ."

ಮಾರ್ಗಿತಾ ಬಸಿ ಕೆಳಗಿಟ್ಟು, ಶಾಲಿನ ತುದಿಯಿಂದ ಬಾಯಿ ಒರೆಸಿಕೊಂಡು, ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದಳು: "ಅವತ್ತು ನೀನು ನಕ್ಕಿದ್ದನ್ನ ನಾನು ಯಾರ ಹತ್ರಾನೂ ಹೇಳಿಲ್ಲ, ಗೊತ್ತಾ?"

ಹೊರಗೆ ಯಾರೋ ಮೆಟ್ಟಿಲು ಹತ್ತುವ ಸದ್ದಾಯಿತು. ಭಾರವಾದ ಪೆಟ್ಟಿಗೆಯೊಂದನ್ನು ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತ ಮೇಲೆ ತರುತ್ತಿದ್ದರು. "ಬಾಗಿಲು ತೆಗೀರಪ್ಪ," ಎಂದಿತು ಧ್ವನಿ, "ಸತ್ತೋನು ಬಂದಿದೀನಿ!" ಮಾರ್ಗಿತಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ನೋಡಿ, "ಥೂ, ಹಡಬೆ ನನ್ಮಗನೆ," ಎಂದು ನಕ್ಕುಬಿಟ್ಟಳು. ಬಾಗಿಲಲ್ಲಿ ನಿಂತವನು ಒಂದ್ರೇಯ್ ಹುದಾಕ್. ಒತೀಲಿಯಾ ಅವನನ್ನು ನೋಡುತ್ತಿದ್ದದ್ದು ಇದೇ ಮೊದಲು. ದುಂಡು ಮುಖ, ಊರಿನ ಬಿಸಿಲು ಇನ್ನೂ ಹೋಗಿರದ ಕೆನ್ನೆ, ಬಾಯಲ್ಲಿ ಪ್ಲಮ್ ಸಾರಾಯಿಯ ವಾಸನೆ. ಇವನು ಸತ್ತನೆಂದೇ ತಾನು ಅಂದು ನಕ್ಕದ್ದು. ಅವಳಿಗೆ ಅವನ ಮುಖ ನೋಡಲಾಗಲಿಲ್ಲ; ಕೋಟಿನ ಗುಂಡಿಗಳನ್ನು ನೋಡಿದಳು. ಎಲ್ಲ ಗುಂಡಿಗಳೂ ಇದ್ದವು.

"ಮೂಲೆ ಅಂಗಡೀಲಿ ನನ್ನ ಸಾವಿಗೆ ನಾನೇ ಪುಕ್ಕಟೆ ಕುಡಿದು ಬಂದೆ," ಎಂದು ಅವನು ಶುರುಮಾಡಿ, ಅವಳ ಕಪ್ಪು ಬಟ್ಟೆ ಕಂಡು ಟೋಪಿ ತೆಗೆದ. "ಅತ್ತಿಗೇ, ನೀವೇ ಅಲ್ವಾ? ಮಾತೂಶ್ ನನಗೆ ಅಣ್ಣ ಇದ್ದ ಹಾಗೆ. ಏನು ಹೇಳ್ಲಿ. ಅವನಲ್ಲದಿದ್ರೆ ನಾನೇ ಅಲ್ಲಿರ್ತಿದ್ದೆ." ಹೇಳಿಬಿಟ್ಟ ಮೇಲೆ ಆ ಮಾತಿನ ಅರ್ಥ ಅವನಿಗೇ ಹೊಳೆದು ಬೆವತ. ಗಡಿಬಿಡಿಯಿಂದ ಪೆಟ್ಟಿಗೆ ತೆರೆದು, ಒಣಗಿದ ಅಣಬೆಗಳ ಸರವೊಂದನ್ನು ಎತ್ತಿ ಹಿಡಿದ. ಅಡಿಗೆಮನೆಯ ಕಲ್ಲಿದ್ದಲ ಹೊಗೆಯೊಳಕ್ಕೆ ಊರಿನ ಕಾಡು ನುಗ್ಗಿತು. "ಅವನ ತಾಯಿ ಕೊಟ್ಟಿದ್ದು. ಅವನ ಕೈಗೇ ಕೊಡು, ಇನ್ಯಾರಿಗೂ ಕೊಡ್ಬೇಡ ಅಂತ ದಾರಿಯುದ್ದ ಹೇಳ್ಕೊಂಡು ಬಂಡಿವರೆಗೂ ಬಂದ್ಲು ಮುದುಕಿ. ಈಗ ಯಾರ ಕೈಗೆ ಕೊಡ್ಲಿ? ತಗೊಳ್ಳಿ, ಸಂಜೆ ಸೂಪಿಗೆ ಹಾಕಿ. ಹಾಳಾಗತ್ತೆ ಇಲ್ದಿದ್ರೆ." ಅವಳು ತೆಗೆದುಕೊಂಡಳು. ಸರ ಹಗುರವಾಗಿತ್ತು, ಒಣಗಿದ ಕಿವಿಗಳನ್ನು ಪೋಣಿಸಿದಂತಿತ್ತು.

"ನನ್ನ ಬಿಲ್ಲೆ ಸಿಕ್ತಂತಲ್ಲ," ಎಂದ ಅವನು, ಆದಷ್ಟು ಸಣ್ಣ ಧ್ವನಿಯಲ್ಲಿ.

ಮಾರ್ಗಿತಾ ಎದ್ದಳು. ಒಳ್ಳೆಯದಾಯಿತು, ದೇವರೇ ಕಳಿಸಿದ, ಮನೆ ಉಳಿಯಿತು ಎಂದು ಅವಳ ಮುಖ ಹೇಳುತ್ತಿತ್ತು. ಒತೀಲಿಯಾ ಕೋಟಿನ ಜೇಬಿಗೆ ಕೈ ಹಾಕಿ ಬಿಲ್ಲೆಯನ್ನು ಮುಷ್ಟಿಯೊಳಗೆ ತೆಗೆದುಕೊಂಡಳು. "ಕೊಡ್ತೀನಿ. ಗೇಟಲ್ಲಿ ಕೊಡ್ತೀನಿ. ನೀವು ಬದುಕಿದೀರಿ ಅಂದ ತಕ್ಷಣ, ಹಾಗಾದ್ರೆ ಸತ್ತೋನು ಯಾರು ಅಂತ ಕೇಳ್ತಾರೆ. ಆಗ ಮಾತೂಶ್ ಲಿಪ್ತಾಕ್ ಅಂತ ಹೇಳ್ಬೇಕು. ನೀವು ಹೇಳಿ, ನಾನೂ ಹೇಳ್ತೀನಿ."

"ಅಷ್ಟೇ ತಾನೆ? ಹೇಳ್ತೀನಿ ಅತ್ತಿಗೆ. ದೇವರಾಣೆ." ಆಣೆ ಅಷ್ಟು ಸಲೀಸಾಗಿ ಬಂದದ್ದು ಕಂಡು ಅವಳಿಗೆ ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ಅವಳು ವಾಕ್ಯವನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು.

ಇಳಿಜಾರಿನ ಬೀದಿಯಲ್ಲಿ ಅವನು ಮುಂದೆ, ಅವಳು ಹಿಂದೆ. ತಂತಿಯ ಮೇಲೆ ಒಗೆದು ಹಾಕಿದ ಬಿಳಿ ಬಟ್ಟೆಗಳು ಆಗಲೇ ಬೂದುಬಣ್ಣಕ್ಕೆ ತಿರುಗಿದ್ದವು. ಮಾತೂಶ್ ಈ ಬೀದಿಯನ್ನು ಇಳಿಯುವಾಗ ಬಲಗಾಲನ್ನು ಸ್ವಲ್ಪ ಎಳೆಯುತ್ತಿದ್ದ, ಹಡಗಿನಲ್ಲಿ ಬಿದ್ದ ಪೆಟ್ಟು. ಒಂದ್ರೇಯ್ ಕುಣಿಯುವಂತೆ ನಡೆಯುತ್ತಾನೆ. ಕುಲುಮೆಯ ಮೇಸ್ತ್ರಿಗೆ ಗೊತ್ತಾಗದೆ ಇದ್ದೀತೆ? ಒಂದೂವರೆ ವರ್ಷ ಕಣ್ಣೆದುರು ಎಳೆದುಕೊಂಡು ಓಡಾಡಿದ ಕಾಲು. ನೀನು ಅವನಲ್ಲ ಎಂದು ಮೇಸ್ತ್ರಿಯೇ ಹೇಳುತ್ತಾನೆ, ತನಗೆ ಹೇಳುವ ಶ್ರಮವೂ ಇರಲಿಕ್ಕಿಲ್ಲ. ಹೀಗೆ ಯೋಚಿಸುತ್ತ ಅವಳಿಗೆ ಮಾತೂಶ್ ಸತ್ತ ಮೇಲೆ ಮೊದಲ ಬಾರಿಗೆ ಸ್ವಲ್ಪ ಹಸಿವಾಯಿತು. ಮುಷ್ಟಿಯೊಳಗೆ ಬಿಲ್ಲೆಯ ಅಂಚು ಒತ್ತುತ್ತಿತ್ತು. ಅದನ್ನು ಅವನು ಪ್ರತಿ ಬೆಳಿಗ್ಗೆ ತೋರಿಸುವ ಮುಂಚೆ ಅಂಗಿಗೆ ಉಜ್ಜುತ್ತಿದ್ದ, ಬೇರೆಯವರ ಒಡವೆ, ಕೊಡುವಾಗ ಹೊಳೀಬೇಕು ಎಂದು.

ಗೇಟಿನ ಗೂಡಿನ ಪಕ್ಕದಲ್ಲಿ ಮೇಸ್ತ್ರಿ ಪ್ರಾಸರ್ ಪೈಪು ತುಂಬುತ್ತ ನಿಂತಿದ್ದ. ಒಂದ್ರೇಯನನ್ನು ನೋಡಿದ. ಹುಬ್ಬು ಏರಿತು, ಆಮೇಲೆ ಮುಖ ತುಂಬ ನಗು ಹರಡಿತು.

"ಏನೋ ಆ್ಯಂಡಿ! ಪೆಟ್ಟಿಗೆ ಒದ್ಕೊಂಡು ಎದ್ದು ಬಂದ್ಯಾ? ನೀನು ಬೆಂದುಹೋದೆ ಅಂತ ಬರ್ಕೊಂಡಿದೀವಲ್ಲೋ."

"ಬೆಂದಿಲ್ಲ ಬಾಸ್. ಕಾಯಿಲೆ. ಮಲಗಿದ್ದೆ." ಒಂದ್ರೇಯನ ಇಂಗ್ಲಿಷ್ ಮುರುಕು ಇಂಗ್ಲಿಷ್, ಕುಲುಮೆಯ ಹತ್ತಿರ ಕಲಿತದ್ದು. ಅವನು ನಿಂತಲ್ಲೇ ಕಾಲು ಬದಲಿಸಿದ. ಪ್ರಾಸರ್ ಕಾಲಿನತ್ತ ನೋಡಲಿಲ್ಲ.

"ನಿಮ್ಮ ಹಂಕಿಗಳನ್ನ ಕೊಲ್ಲೋದೂ ಕಷ್ಟವೇ." ಅವರ ಊರಿನ ಕಡೆಯವರೆಲ್ಲ ಪ್ರಾಸರನ ಬಾಯಲ್ಲಿ ಹಂಕಿಗಳೇ. "ಮತ್ತೆ ನಾವು ಹೂತಿದ್ದು ಯಾವನನ್ನ?"

ಕೇಳಿಬಿಟ್ಟ. ಒತೀಲಿಯಾ ಒಂದ್ರೇಯನನ್ನು ನೋಡಿದಳು. ಅವನು ತನ್ನ ಟೋಪಿಯ ಒಳಗೆ ನೋಡುತ್ತಿದ್ದ. ಅವಳು ಒಂದು ಹೆಜ್ಜೆ ಮುಂದೆ ಬಂದು, ಬೆನ್ನು ನೆಟ್ಟಗೆ ಮಾಡಿ, ತರಗತಿಯ ಎದುರು ನಿಂತಂತೆ ನಿಂತು, ಇಂಗ್ಲಿಷಿನಲ್ಲಿ ಹೇಳಿದಳು: "ಸತ್ತವನು ನನ್ನ ಗಂಡ. ಅವನ ಹೆಸರು ಮಾತೂಶ್ ಲಿಪ್ತಾಕ್."

ಪ್ರಾಸರ್ ಪೈಪು ಕೆಳಗಿಳಿಸಿ, ಮಗುವಿನ ಮಾತು ಕೇಳುವವನಂತೆ ಕಿವಿ ಮುಂದೆ ಮಾಡಿದ. "ಆಂ?"

ಅವಳು ಮತ್ತೆ ಹೇಳಿದಳು. ನಿಧಾನವಾಗಿ, ಒಂದೊಂದು ಶಬ್ದವನ್ನೂ ಬಿಡಿಸಿ, ಪುಸ್ತಕದಲ್ಲಿ ಇದ್ದ ಎಲ್ಲ ಅಕ್ಷರಗಳನ್ನೂ ಉಚ್ಚರಿಸಿ. ಒಂದಕ್ಷರವನ್ನೂ ನುಂಗಲಿಲ್ಲ. ಪ್ರಾಸರನ ಕಣ್ಣು ಅವಳ ಬಾಯಿಯ ಮೇಲೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಆಚೆ ಹೋಯಿತು. "ಸಾಕು ತಾಯಿ, ಸಾಕು. ನಿಮ್ಮ ಭಾಷೆ ನನಗೆಲ್ಲಿ ಬರ್ಬೇಕು. ಆ್ಯಂಡಿ, ಏನಂತೋ ಇವಳದು?"

ಒಂದ್ರೇಯ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. ಅವನ ಕಿವಿಗಳು ಕೆಂಪಾಗಿದ್ದವು. "ನನ್ನ ಹೆಂಡ್ತಿ, ಬಾಸ್," ಎಂದ. "ಗಂಡ ಬದುಕಿದಾನೆ ಅಂತ ಸಂತೋಷ ಅವಳಿಗೆ. ತುಂಬಾ ಸಂತೋಷ."

ಅವನ ಮುರುಕು ಇಂಗ್ಲಿಷಿನ ಪ್ರತಿಯೊಂದು ಶಬ್ದವೂ ಅವಳಿಗೆ ಅರ್ಥವಾಯಿತು. ಪ್ರಾಸರನಿಗೂ ಅರ್ಥವಾಯಿತು.

"ಪಾಪ," ಎಂದ ಪ್ರಾಸರ್. ನಿಜವಾಗಿಯೂ ಅವನ ಮುಖ ಮೃದುವಾಗಿತ್ತು. "ಹೂತಿದ್ದು ಯಾವನೋ ನಿಮ್ಮೋನೇ ಇನ್ನೊಬ್ಬ ಇರ್ಬೇಕು ಬಿಡು. ಡೋರಾ ಕೆಲಸಕ್ಕೆ ಜನ ಸಾಲ್ತಿಲ್ಲ, ಈಗಲೇ ಹತ್ತು. ಬಿಲ್ಲೆ ಎಲ್ಲಿ?"

ಒಂದ್ರೇಯ್ ಅವಳ ಕಡೆ ತಿರುಗಿ ಅಂಗೈ ಚಾಚಿದ. ಅದರಾಚೆ ಕಂಬಿಗಳ ಹಿಂದೆ ನದಿ, ಕಂದು ಬಣ್ಣದ್ದು, ಕಲ್ಲು ಎಸೆದರೆ ಬೀಳುವಷ್ಟು ಹತ್ತಿರ. ಕೊಡದಿದ್ದರೆ ಆಯಿತು. ಎಸೆದರೆ ಆಯಿತು. ಇವನು ಸತ್ತೇ ಇರಲಿ. ಹಾಗೆಂದು ಅವಳು ಒಮ್ಮೆ ಇಲ್ಲೇ, ಇದೇ ಕಂಬಿಗಳಿಗೆ ಒತ್ತಿಕೊಂಡು, ಮನಸ್ಸು ತುಂಬಿ ಬಯಸಿದ್ದಳಲ್ಲವೆ? ಬಯಸಿದ್ದು ಆ ಗಳಿಗೆ ಅವಳಿಗೆ ಸಿಕ್ಕಿಯೂ ಇತ್ತು.

"ನೋಡೋ, ನಗ್ತಾ ಇದಾಳೆ ನಿನ್ನ ಹೆಂಡ್ತಿ," ಎಂದ ಪ್ರಾಸರ್.

ತಾನು ನಗುತ್ತಿದ್ದೇನೆಯೇ ಎಂದು ಅವಳಿಗೆ ತಿಳಿಯಲಿಲ್ಲ. ತುಟಿಯ ಮೇಲೆ ಗಾಳಿಯಷ್ಟೆ, ಹಲ್ಲಿಗೆ ತಣ್ಣಗೆ ತಾಗುತ್ತಿತ್ತು. ಕೈ ಮೇಲಕ್ಕೆ ಬಂತು. ಬೆಳಗ್ಗೆ ಡಬ್ಬಿಗಳನ್ನು ಸರಿಯಾಗಿ ಕಟ್ಟಿದ ಕೈ. ಅದಕ್ಕೆ ಎಲ್ಲ ಮೊದಲೇ ಗೊತ್ತಿತ್ತು. ಕೊಡುವ ಮೊದಲು ಅದು ಬಿಲ್ಲೆಯನ್ನು ಒಮ್ಮೆ ಅವಳ ಕಪ್ಪು ಲಂಗಕ್ಕೆ ಉಜ್ಜಿತು. ಆಮೇಲೆ ಮುಷ್ಟಿ ಬಿಚ್ಚಿತು.

ಒಂದ್ರೇಯ್ ಅದನ್ನು ಹಿಡಿದುಕೊಂಡು ಬೆರಳಿಂದ ಸವರಿದ. ಗೇಟಿನೊಳಗೆ ಕಾಲಿಡುವ ಮುಂಚೆ, ತಮ್ಮ ಭಾಷೆಯಲ್ಲಿ, ಏನಾದರೂ ಒಳ್ಳೆಯ ಮಾತು ಹೇಳಲೇಬೇಕೆಂಬಂತೆ, "ಬೆಚ್ಚಗೇ ಇಟ್ಟಿದೀರಲ್ಲ ಅತ್ತಿಗೆ," ಎಂದ.